ಮೂರೂವರೆ ವರ್ಷದ ಮಗನಿಗೆ ಮೊದಲ ಹ್ಯಾಲೋವೀನ್: ಕರ್ಕೊಂಡು ಹೋಗೋದಾ, ಬೇಡ್ವಾ?

ಹೊಸಮನೆ_ಅಮ್ಮ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ನಾವು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೆವು. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಕ್ಯಾಂಡಿ ಕೇಳುವ ಅಕ್ಟೋಬರ್ 31 ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಈ ಬೇಸಿಗೆಯಲ್ಲಿ ಸ್ವಂತ ಮನೆಗೆ ಬಂದೆವು. ಬೀದಿ ತುಂಬಾ ಮಕ್ಕಳು. ಎದುರು ಮನೆಯವರು ಅಂಗಳದಲ್ಲಿ 12 ಅಡಿಯ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅದರ ಕಣ್ಣು ಬೇರೆ ಮಿನುಗುತ್ತದೆ.

ಮಗ ಅದನ್ನು ನೋಡಿದ ದಿನದಿಂದ ಕಾರಿನಿಂದ ಇಳಿಯುವಾಗ ನನ್ನ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಆದರೆ ಡೇಕೇರಿನಲ್ಲಿ ಎಲ್ಲರೂ ವೇಷ ಹಾಕಿಕೊಂಡು ಬರುತ್ತಾರಂತೆ, ಹಾಗಾಗಿ ಇವನಿಗೂ ಬೇಕು. ಏನಾಗಬೇಕು ಅಂದರೆ ಕಸದ ಲಾರಿ ಆಗಬೇಕಂತೆ. ಲಾರಿ ಡ್ರೈವರ್ ಅಲ್ಲ, ಲಾರಿಯೇ.

ಅತ್ತೆ ಊರಿನಿಂದ ಬಂದಿದ್ದಾರೆ. ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲಿಗೆ ತಲೆಬುರುಡೆ ಕಟ್ಟುವುದು ಅವರಿಗೆ ಸರಿ ಕಾಣುತ್ತಿಲ್ಲ. ಜಗಳ ಏನಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದಲ್ಲ.

ಹೋಗೋದಾದರೆ ಎಷ್ಟು ಹೊತ್ತಿಗೆ, ಎಷ್ಟು ಮನೆ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಕ್ಯಾಂಡಿಯಲ್ಲಿ ಯಾವುದು ನಡೆಯುತ್ತದೆ?

ನೇಪರ್‌ವಿಲ್_ಅಪ್ಪ

ಖಂಡಿತ ಹೋಗಿ. ಬೇಗ ಹೋಗಿ, ಬೇಗ ಬನ್ನಿ.

ಐದು ಗಂಟೆಗೆ ಹೊರಟುಬಿಡಿ. 2007ರಿಂದ ಗಡಿಯಾರ ಹಿಂದಕ್ಕೆ ತಿರುಗಿಸುವುದು ನವೆಂಬರ್ ಮೊದಲ ಭಾನುವಾರಕ್ಕೆ ಹೋಗಿದೆ. ಹಾಗಾಗಿ 31ರ ಸಂಜೆ ನಿಮ್ಮ ಕಡೆ ಆರರ ಹತ್ತಿರ ಬೆಳಕಿರುತ್ತದೆ. ದೊಡ್ಡ ಹುಡುಗರು, ರಕ್ತ ಮೆತ್ತಿಕೊಂಡವರು, ಗರಗಸ ಹಿಡಿದವರು ಎಲ್ಲ ಹೊರಗೆ ಬರುವುದು ಕತ್ತಲಾದ ಮೇಲೆ. ಐದರಿಂದ ಆರರ ತನಕ ಬೀದಿಯಲ್ಲಿ ಇರುವುದು ನಿಮ್ಮಂಥವರೇ. ದುಂಬಿ, ಕಪ್ಪೆ, ಸ್ಟ್ರಾಲರ್‌ನಲ್ಲಿ ಮಲಗಿದ ಬಾಳೆಹಣ್ಣು. ಕೆಲವು ಊರಿನಲ್ಲಿ ಇಷ್ಟರಿಂದ ಇಷ್ಟು ಗಂಟೆ ಅಂತ ಊರಿನವರೇ ಹೊತ್ತು ಗೊತ್ತು ಮಾಡಿರುತ್ತಾರೆ, ನಿಮ್ಮ ಟೌನ್‌ಶಿಪ್ಪಿನ ವೆಬ್‌ಸೈಟ್ ಒಮ್ಮೆ ನೋಡಿ.

ಬಾಗಿಲ ದೀಪ ಉರಿಯುತ್ತಿದ್ದರೆ ಬೆಲ್ ಒತ್ತಬಹುದು. ದೀಪ ಆರಿದ್ದರೆ ಆ ಮನೆಗೆ ಹೋಗಬಾರದು. ಇಡೀ ಹಬ್ಬ ನಡೆಯುವುದೇ ಈ ಒಂದು ನಿಯಮದ ಮೇಲೆ. ನಿಮಗೆ ಕ್ಯಾಂಡಿ ಮುಗಿದು ಸಾಕಾದಾಗಲೂ ಅಷ್ಟೇ, ದೀಪ ಆರಿಸಿ ಒಳಗೆ ಹೋಗಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಆರೇಳು ಮನೆ ಸಾಕು. ಆ ವಯಸ್ಸಿನ ಮಕ್ಕಳಿಗೆ ಬೆಲ್ ಒತ್ತುವುದೇ ಮಜಾ. ನಮ್ಮವಳು ಮೊದಲ ಸಲ ಬಾಗಿಲು ತೆಗೆದ ಕೂಡಲೇ ಚಪ್ಪಲಿ ಬಿಚ್ಚಿ ಸೀದಾ ಒಳಗೆ ಹೋಗಿ ಅವರ ಸೋಫಾದ ಮೇಲೆ ಕೂತಿದ್ದಳು. ಯಾರ ಮನೆಗೆ ಹೋದರೂ ಒಳಗೆ ಹೋಗಿ ಕೂರುವುದು ತಾನೇ ನಾವು ಕಲಿಸಿದ್ದು!

ನಿಜವಾಗಿ ಹೆದರಬೇಕಾದ್ದು ಕಾರಿಗೆ. 2019ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 1975ರಿಂದ 2016ರ ತನಕದ 42 ಹ್ಯಾಲೋವೀನ್ ಸಂಜೆಗಳ ಲೆಕ್ಕ. ಹಿಂದಿನ ವಾರ ಮತ್ತು ಮುಂದಿನ ವಾರದ ಅದೇ ಸಂಜೆಗೆ ಹೋಲಿಸಿದರೆ, ನಡೆದು ಹೋಗುವವರು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ 43% ಜಾಸ್ತಿ. ಚಿಕ್ಕ ಮಕ್ಕಳಿಗೆ ಇನ್ನೂ ಜಾಸ್ತಿ. ಹಾಗಾಗಿ ಬೀದಿಯ ಒಂದು ಮಗ್ಗುಲು ಪೂರ್ತಿ ಮುಗಿಸಿ, ಆಮೇಲೆ ಒಂದೇ ಸಲ ದಾಟಿ ಇನ್ನೊಂದು ಮಗ್ಗುಲು. ಅಡ್ಡಾದಿಡ್ಡಿ ದಾಟಬೇಡಿ. ಕಸದ ಲಾರಿಯ ಹಿಂದೆ ಮಿಂಚುವ ಟೇಪ್ ಹಚ್ಚಿ, ಲಾರಿಗೆ ಅದು ಒಪ್ಪುತ್ತದೆ ಕೂಡ.

ತಿಂಡಿಪೋತ

ಕಸದ ಲಾರಿಗೆ ನನ್ನ ವೋಟು. ಬೆಂಗಳೂರಿನ ಲಾರಿಯಾದರೆ ಹಾಡೂ ಹಾಕಬೇಕು.

ಕುಡ್ಲದ_ಹುಲಿ (ಬೋಸ್ಟನ್)

ಹೆದರಿಕೆ ಬಗ್ಗೆ ಹೇಳ್ತೀನಿ, ಅದರಲ್ಲಿ ನನಗೆ ಅನುಭವ ಇದೆ. ನಮ್ಮ ಕಡೆ ದಸರಾ ಬಂದರೆ ಹುಲಿವೇಷ ಮನೆ ಬಾಗಿಲಿಗೇ ಬರುತ್ತದೆ. ತಾಸೆಯ ಸದ್ದು ಗಲ್ಲಿಯ ತುದಿಯಲ್ಲಿ ಕೇಳಿದರೆ ಸಾಕು, ನಾನು ಅಕ್ಕಿ ಡಬ್ಬದ ಹಿಂದೆ. ದೊಡ್ಡವರು ನಗುತ್ತಾ ಎಳೆದುಕೊಂಡು ಬಂದು ಹುಲಿಯ ಮುಂದೆ ನಿಲ್ಲಿಸುತ್ತಿದ್ದರು. ಅದರಿಂದ ಹೆದರಿಕೆ ಒಂದು ಚೂರೂ ಕಡಿಮೆ ಆಗಲಿಲ್ಲ.

ಕಡಿಮೆ ಮಾಡಿದ್ದು ನನ್ನ ಮಾಮ. ಬಣ್ಣ ಹಚ್ಚುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ನಮ್ಮ ಬೀದಿಯ ಮೀನಿನ ಅಂಗಡಿಯವರು ಚಡ್ಡಿ ಹಾಕಿಕೊಂಡು ಎರಡು ಕೈಯನ್ನೂ ಕೋಲಿನ ಮೇಲೆ ಚಾಚಿ ನಿಂತಿದ್ದರು, ಬಣ್ಣ ಒಣಗಲಿ ಅಂತ. ಅರ್ಧ ಮೈ ಹಳದಿ, ಅರ್ಧ ಮೈ ಮನುಷ್ಯ. ಬಣ್ಣದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಮೂಗು ತುರಿಸಿದರೂ ಕೈ ಇಳಿಸುವ ಹಾಗಿಲ್ಲ, ಹಾಗಾಗಿ ಇನ್ನೊಬ್ಬರನ್ನು ಕರೆದು ತುರಿಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ಮೇಲೆ ಹುಲಿಯ ಹಿಂದೆಯೇ ಊರಿಡೀ ಓಡಿದೆ.

ನಾಲ್ಕೈದು ವರ್ಷದ ತನಕ ಮಕ್ಕಳಿಗೆ ವೇಷ ಬೇರೆ, ಮನುಷ್ಯ ಬೇರೆ ಅಂತ ಗಟ್ಟಿಯಾಗಿ ತಿಳಿದಿರುವುದಿಲ್ಲ. "ಅದು ಸುಳ್ಳು, ಹೆದರಬೇಡ" ಅಂದರೆ ಕೆಲಸ ಆಗುವುದಿಲ್ಲ. ಹಗಲಲ್ಲಿ ಎದುರು ಮನೆಗೆ ಹೋಗಿ ಕೇಳಿ. ಆ ಅಸ್ಥಿಪಂಜರದ ಸ್ವಿಚ್ ಎಲ್ಲಿದೆ ಅಂತ ತೋರಿಸಲಿ. ಮಗನೇ ಆನ್ ಮಾಡಲಿ, ಆಫ್ ಮಾಡಲಿ. ಮುಟ್ಟಲು ಇಷ್ಟ ಇಲ್ಲದಿದ್ದರೆ ಬಿಟ್ಟುಬಿಡಿ. ಮತ್ತೆ ಅವನಿಗೆ ಮುಖವಾಡ ಬೇಡವೇ ಬೇಡ. ಕಣ್ಣು ಕಾಣುವುದಿಲ್ಲ, ಎಡವುತ್ತಾನೆ.

ಡ್ಯಾಲಸ್_ಅಜ್ಜಿ

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಮ್ಮಾ. ನಾನೂ ಮೊದಲ ಸಲ ಬಂದಾಗ ಹಾಗೇ ಮುಖ ಮಾಡಿಕೊಂಡಿದ್ದೆ.

ಆಮೇಲೆ ಯೋಚನೆ ಮಾಡಿದೆ. ಮೈಸೂರಿನಲ್ಲಿ ನಾವು ಚಿಕ್ಕವರಿದ್ದಾಗ ನವರಾತ್ರಿಯಲ್ಲಿ ಏನು ಮಾಡುತ್ತಿದ್ದೆವು? ಸಂಜೆ ಆದ ತಕ್ಷಣ ಲಂಗ ಹಾಕಿಕೊಂಡು, ಗುರುತು ಇದ್ದವರು ಇಲ್ಲದವರು ಅಂತ ನೋಡದೆ "ರೀ, ಗೊಂಬೆ ಕೂರ್ಸಿದ್ದೀರಾ?" ಅಂತ ಬಾಗಿಲು ಬಡಿಯುತ್ತಿದ್ದೆವು. ಒಳಗೆ ಹೋಗಿ ಒಂದು ಹಾಡು ಹೇಳಿದರೆ ಬೊಂಬೆ ಬಾಗಿನ. ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಬರೀ ಪುರಿ ಅಂತ ಮೊದಲೇ ಗೊತ್ತಿರುತ್ತಿತ್ತು. ಪುರಿ ಮನೆಗೆ ಕೊನೆಯಲ್ಲಿ ಹೋಗುತ್ತಿದ್ದೆವು. ಗಣೇಶನ ಹಬ್ಬದಲ್ಲೂ ಇದೇ ಕಥೆ, ಅಕ್ಷತೆ ಹಾಕುವುದು, ಪ್ರಸಾದ ಈಸಿಕೊಳ್ಳುವುದು, ಮುಂದಿನ ಮನೆಗೆ ಓಡುವುದು.

ಇನ್ನು ತಲೆಬುರುಡೆ. ನಮ್ಮೂರಲ್ಲಿ ಮನೆ ಕಟ್ಟುವಾಗ ಕೋರೆಹಲ್ಲು ಬಿಟ್ಟುಕೊಂಡ ರಾಕ್ಷಸನ ಮುಖ ತೂಗು ಹಾಕುವುದಿಲ್ಲವಾ, ದೃಷ್ಟಿ ಆಗಬಾರದು ಅಂತ? ಆಯುಧಪೂಜೆಗೆ ಬೂದುಗುಂಬಳದೊಳಗೆ ಕುಂಕುಮ ತುಂಬಿ ರಸ್ತೆಯಲ್ಲಿ ಒಡೆಯುವುದನ್ನು ಇಲ್ಲಿಯವರು ನೋಡಿದರೆ ಅವರೇ ಹೆದರಿ ಓಡಬೇಕು!

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ಬೆಳಿಗ್ಗೆ ಮೊಮ್ಮಕ್ಕಳಿಗೆ ಎಣ್ಣೆ ನೀರು ಹಾಕಿದೆ, ಸಂಜೆ ಮೆಟ್ಟಿಲ ಒಂದು ಪಕ್ಕ ಹಣತೆ ಸಾಲು, ಇನ್ನೊಂದು ಪಕ್ಕ ಕುಂಬಳಕಾಯಿ. ಬಂದ ಮಕ್ಕಳೆಲ್ಲ ಹಣತೆ ನೋಡಿ ನಿಲ್ಲುತ್ತಿದ್ದವು.

ನನ್ನ ಸಲಹೆ ಇಷ್ಟೇ. ಅತ್ತೆಯವರನ್ನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಕ್ಯಾಂಡಿ ಬುಟ್ಟಿ ಅವರ ಕೈಗೆ ಕೊಡಿ. ಬಂದ ಮಕ್ಕಳಿಗೆ ಕೊಡುವ ಕೆಲಸ ಯಾವ ಅಜ್ಜಿಗೂ ಬೇಡ ಅನ್ನಿಸುವುದಿಲ್ಲ. ತಲೆಬುರುಡೆ ಕಟ್ಟಲೇಬೇಕು ಅಂತೇನೂ ಇಲ್ಲ, ಎರಡು ಕುಂಬಳಕಾಯಿ ಇಟ್ಟರೆ ಸಾಕು.

ತಿಂಡಿಪೋತ

ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದರೆ ಅಲಂಕಾರಕ್ಕೆ ಅಲಂಕಾರ, ಕ್ಯಾಂಡಿಯೂ ಉಳಿಯುತ್ತದೆ.

ಸರಳಜೀವಿ

ಎಲ್ಲರೂ ಹೋಗಿ ಹೋಗಿ ಅನ್ನುತ್ತಿದ್ದೀರಿ, ಬೇಡ ಅನ್ನುವವರೂ ಒಬ್ಬರು ಇರಲಿ. ನಮ್ಮ ಮನೆಯಲ್ಲಿ ಮಾಡುವುದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಜೇಡ. ಒಂದು ಸಂಜೆ ಹಾಕಿ ಬಿಸಾಡುವ ಪಾಲಿಯೆಸ್ಟರ್ ಬಟ್ಟೆಗೆ 40 ಡಾಲರ್. ಮೇಲೆ ಒಂದು ಚೀಲ ಸಕ್ಕರೆ. ನಮ್ಮ ಗೊಂಬೆ ಹಬ್ಬಕ್ಕೆ ಹೋಲಿಸಬೇಡಿ ದಯವಿಟ್ಟು, ಅಲ್ಲಿ ಹಾಡು, ಕಥೆ ಇತ್ತು. ಇಲ್ಲಿ ಏನಿದೆ?

ಓದುಗ_ಪೋರ್ಟ್‌ಲ್ಯಾಂಡ್

@ಸರಳಜೀವಿ, ಮಾಡದೇ ಇರುವುದು ನಿಮ್ಮ ಇಷ್ಟ, ಅದರಲ್ಲಿ ತಕರಾರಿಲ್ಲ. ಆದರೆ ಕಥೆ ಇಲ್ಲ ಅನ್ನಬೇಡಿ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ರಾತ್ರಿ ಅದು. ಸತ್ತವರು ಬಂದು ಹೋಗುತ್ತಾರೆ ಅನ್ನುವ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಗಲ್ವಾ? ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಐರಿಷ್ ಜನ ಇಲ್ಲಿಗೆ ಬಂದ ಮೇಲೆ ದೊಡ್ಡ ಕುಂಬಳಕಾಯಿ ಸಿಕ್ಕಿತು, ಕೊರೆಯುವುದೂ ಸುಲಭ. ಕ್ಯಾಂಡಿ ಕೇಳುತ್ತಾ ಮನೆ ಮನೆ ತಿರುಗುವುದು ಮಾತ್ರ ಈಚಿನದು, 1930ರ ದಶಕದ ಹೊತ್ತಿಗೆ ಹರಡಿತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ ರೇಷನ್ ಆದಾಗ ನಿಂತೇ ಹೋಗಿತ್ತು.

ಹಾಡು, ಕಥೆ ಬೇಕಾದರೆ ಅಯೋವಾದ ಡೆ ಮೊಯಿನ್ ಊರಿಗೆ ಹೋಗಿ. ಅಲ್ಲಿ 1938ರಿಂದ ಒಂದು ಪದ್ಧತಿ. ಮಗು ಒಂದು ಜೋಕ್ ಹೇಳಬೇಕು, ಆಮೇಲೆ ಕ್ಯಾಂಡಿ. ಬಹಳ ವರ್ಷ ಅದು ಅಕ್ಟೋಬರ್ 30ಕ್ಕೇ ನಡೆಯುತ್ತಿತ್ತು. ನಾವು ಅಲ್ಲಿದ್ದಾಗ ಮಗಳಿಗೆ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಒಗಟನ್ನು ಇಂಗ್ಲಿಷಿನಲ್ಲಿ ಹೇಳಿಸಿದ್ದೆವು. ಉತ್ತರ ಮಲ್ಲಿಗೆ ಅಂತ ಕೇಳಿ ಆ ಮನೆಯವರು ಸುಮ್ಮನೆ ನಿಂತರು. ಪಾಪ, ಕ್ಯಾಂಡಿ ಮಾತ್ರ ಎರಡು ಕೊಟ್ಟರು.

ಲೇಬಲ್_ಓದುವವಳು (ಸಿಯಾಟಲ್)

ಕ್ಯಾಂಡಿ ಪ್ರಶ್ನೆ ಹಾಗೇ ಉಳಿಯಿತಲ್ಲ. ನಾನೂ ಶುದ್ಧ ಸಸ್ಯಾಹಾರಿ, ಹದಿಹರೆಯದ ಇಬ್ಬರನ್ನು ಬೆಳೆಸಿದ್ದೇನೆ, ಲೇಬಲ್ ಓದಿ ಓದಿ ಕಣ್ಣು ಹೋಗಿದೆ.

ನೋಡಬೇಕಾದ ಪದ ಜೆಲಟಿನ್. ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಮಾರ್ಷ್‌ಮ್ಯಾಲೋ, ಕರಡಿ ಆಕಾರದ ಗಮ್ಮಿಗಳು, ಸ್ಟಾರ್‌ಬರ್ಸ್ಟ್, ಸಾಮಾನ್ಯವಾಗಿ ಸಿಗುವ ಕ್ಯಾಂಡಿ ಕಾರ್ನ್, ಇವನ್ನೆಲ್ಲ ಬದಿಗಿಡಿ. ಸ್ಕಿಟಲ್ಸ್‌ನಲ್ಲಿ ಮೊದಲು ಇತ್ತು, ಈಗ ತೆಗೆದಿದ್ದಾರೆ. ಇಲ್ಲಿನ ಕಿಟ್‌ಕ್ಯಾಟ್‌ನಲ್ಲಿ ಜೆಲಟಿನ್ ಇಲ್ಲ. ಸ್ನಿಕರ್ಸ್‌ನಲ್ಲಿ ಮೊಟ್ಟೆಯ ಬಿಳಿ ಇದೆ, ನಿಮಗೆ ನಡೆಯುವುದಿಲ್ಲ. ಚಿಕ್ಕ ಪೊಟ್ಟಣದ ಮೇಲೆ ಎಷ್ಟೋ ಸಲ ಪೂರ್ತಿ ವಿವರ ಇರುವುದಿಲ್ಲ, ಫೋನಿನಲ್ಲಿ ಕಂಪನಿಯ ಪುಟ ತೆಗೆದು ನೋಡಬೇಕು.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಮಗನಿಗೆ ಮೂರೂವರೆ ಅಂದಿರಿ. ನಾಲ್ಕು ವರ್ಷದೊಳಗಿನವರಿಗೆ ಗಟ್ಟಿ ಕ್ಯಾಂಡಿ, ಇಡೀ ಕಡಲೆಕಾಯಿ, ಬಾದಾಮಿ, ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್ ಕೊಡಲೇಬಾರದು ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಡೆಯುತ್ತಾ, ಓಡುತ್ತಾ ತಿನ್ನುವುದಂತೂ ಬೇಡ. ಮನೆಗೆ ಬಂದು ಕೂತು ತಿನ್ನಲಿ. ಹೊರಡುವ ಮುಂಚೆ ಹೊಟ್ಟೆ ತುಂಬಾ ಮೊಸರನ್ನ ತಿನ್ನಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನೀವು ಹಂಚುವಾಗ ಒಂದು ಬುಟ್ಟಿಯಲ್ಲಿ ತಿನ್ನದ ವಸ್ತುಗಳೂ ಇರಲಿ. ಸ್ಟಿಕ್ಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಬಳೆ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳು ಇಲ್ಲಿ ಜಾಸ್ತಿ. ಅಂಥ ಬುಟ್ಟಿ ಇರುವ ಮನೆಯ ಮುಂದೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಇಡುತ್ತಾರೆ. 2014ರಿಂದ ದೇಶದ ತುಂಬಾ ಇದು ಹಬ್ಬಿದೆ.

ಹೊಸಮನೆ_ಅಮ್ಮ (ನ್ಯೂಜೆರ್ಸಿ)

ಅಬ್ಬಾ, ಎಷ್ಟೊಂದು ಬರೆದಿದ್ದೀರಿ. ಅಜ್ಜಿ, ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಪುರಿ ಮನೆ ಅಂದ ಕೂಡಲೇ ನಕ್ಕುಬಿಟ್ಟರು. ಅವರು ಚಾಮರಾಜನಗರದವರು, ಅವರ ಬೀದಿಯಲ್ಲೂ ಒಂದು ಪುರಿ ಮನೆ ಇತ್ತಂತೆ. ಈಗ ಕ್ಯಾಂಡಿ ಜೊತೆ ಕೋಡುಬಳೆ ಹಂಚಬಹುದಾ ಅಂತ ಕೇಳುತ್ತಿದ್ದಾರೆ!

ಇನ್ನೊಂದು ತಲೆಬಿಸಿ. ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಫಾರ್ವರ್ಡ್ ಮಾಡಿದ್ದಾರೆ. ಅಮೆರಿಕದಲ್ಲಿ ಕ್ಯಾಂಡಿಯೊಳಗೆ ಬ್ಲೇಡ್, ವಿಷ ಇಟ್ಟು ಕೊಡುತ್ತಾರೆ ಅಂತ. ಇದು ನಿಜವಾ?

ನೇಪರ್‌ವಿಲ್_ಅಪ್ಪ

ಕೋಡುಬಳೆ ಗುರುತಿದ್ದವರಿಗೆ ಮಾತ್ರ ಕೊಡಿ. ಮನೆಯಲ್ಲಿ ಮಾಡಿದ್ದು, ಬಿಚ್ಚಿದ ಪೊಟ್ಟಣ, ಇವನ್ನು ಇಲ್ಲಿನ ಅಪ್ಪ ಅಮ್ಮಂದಿರು ಸೀದಾ ಕಸಕ್ಕೆ ಹಾಕುತ್ತಾರೆ. ಅತ್ತೆಯವರ ಕೈಯ ಕೋಡುಬಳೆಗೆ ಆ ಗತಿ ಬೇಡ. ನನ್ನ ವಿಳಾಸ ಬೇಕಾದರೆ ಕಳಿಸ್ತೀನಿ.

ಓದುಗ_ಪೋರ್ಟ್‌ಲ್ಯಾಂಡ್

ವಿಷದ ಕಥೆ ಪ್ರತಿ ವರ್ಷ ಬರುತ್ತದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದ ಈಚೆಗಿನ ವರದಿಗಳನ್ನು ಒಂದೊಂದಾಗಿ ಬೆನ್ನು ಹತ್ತಿ ನೋಡಿದ್ದಾರೆ. ಮನೆ ಮನೆ ತಿರುಗಿ ತಂದ ಕ್ಯಾಂಡಿಯಲ್ಲಿ ಅಪರಿಚಿತರು ವಿಷ ಇಟ್ಟು ಮಗು ಸತ್ತ ಪ್ರಕರಣ ಅವರಿಗೆ ಒಂದೂ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗ ಸೈನೈಡ್ ಬೆರೆಸಿದ ಕ್ಯಾಂಡಿ ತಿಂದು ಸತ್ತಿದ್ದು ನಿಜ. ಆದರೆ ಅದನ್ನು ಕೊಟ್ಟಿದ್ದು ಅವನ ಅಪ್ಪನೇ, ವಿಮೆ ಹಣದ ಆಸೆಗೆ. ಆ ಒಂದು ಘಟನೆ ಆದ ಮೇಲೆ ಇಡೀ ದೇಶಕ್ಕೆ ಪಕ್ಕದ ಮನೆಯವರ ಮೇಲೆ ಅನುಮಾನ. ವಿಚಿತ್ರ ಅಲ್ವಾ?

ಪೊಟ್ಟಣ ಹರಿದಿದೆಯಾ ಅಂತ ಒಮ್ಮೆ ನೋಡಿ, ಸಾಕು. ಫಾರ್ವರ್ಡ್ ಮಾಡಿದವರಿಗೆ ಏನೂ ಹೇಳಬೇಡಿ, ಹೇಳಿದರೆ ಇನ್ನೂ ನಾಲ್ಕು ಬರುತ್ತವೆ.

ವೈಟ್‌ಫೀಲ್ಡ್_ವಾಸಿ

ಇಲ್ಲಿ ಬೆಂಗಳೂರಿನಲ್ಲೂ ನಮ್ಮ ಅಪಾರ್ಟ್‌ಮೆಂಟಿನವರು ಮಾಡುತ್ತಾರೆ. ಯಾವ ಮನೆಯವರು ಇದ್ದಾರೆ ಅಂತ ವಾಟ್ಸಾಪಿನಲ್ಲಿ ಪಟ್ಟಿ ಹಾಕಿ, ಇಡೀ ಹಿಂಡು ಲಿಫ್ಟಿನಲ್ಲಿ ಮೇಲಿನ ಮಹಡಿಗೆ ಹೋಗಿ ಮೆಟ್ಟಿಲಿನಲ್ಲಿ ಇಳಿದು ಬರುತ್ತದೆ. ಬಿಳಿ ಪಂಚೆ ಹೊದ್ದ ದೆವ್ವಗಳೇ ಜಾಸ್ತಿ. ಮಾರನೇ ದಿನ ಅದೇ ಮಕ್ಕಳು ಹಳದಿ ಕೆಂಪು ಶಾಲು ಹಾಕಿಕೊಂಡು ರಾಜ್ಯೋತ್ಸವದ ಬಾವುಟದ ಕೆಳಗೆ ನಿಂತಿರುತ್ತಾರೆ. ನನಗೇನೋ ಎರಡೂ ಇಷ್ಟ. ಕಮಿಟಿಯವರಿಗೆ ಮಾತ್ರ ಇದೇ ಜಗಳ.

ಬೇ_ಏರಿಯಾ_ರೈತ (ಹಿತ್ತಲಲ್ಲಿ ಮಾತ್ರ)

ಎಲ್ಲರೂ 31ರ ಒಂದು ಸಂಜೆ ಬಗ್ಗೆ ಹೇಳುತ್ತಿದ್ದೀರಿ. ಚಿಕ್ಕ ಮಕ್ಕಳಿಗೆ ಅದಕ್ಕಿಂತ ಮಜಾ ಅದರ ಹಿಂದಿನ ವಾರಗಳು. ಹಗಲಲ್ಲೇ ನಡೆಯುತ್ತದೆ, ಹೆದರಿಕೆ ಇಲ್ಲ, ಅಜ್ಜಿಯೂ ಬರಬಹುದು.

ಕುಂಬಳಕಾಯಿ ತೋಟಕ್ಕೆ ಹೋಗಿ. ನ್ಯೂಜೆರ್ಸಿಯಲ್ಲಿ ಬೇಕಾದಷ್ಟಿವೆ. ಹುಲ್ಲಿನ ಗಾಡಿಯಲ್ಲಿ ಕೂರಿಸಿ ಹೊಲಕ್ಕೆ ಕರೆದೊಯ್ಯುತ್ತಾರೆ, ಜೋಳದ ಹೊಲದಲ್ಲಿ ದಾರಿ ಹುಡುಕುವ ಆಟ ಇರುತ್ತದೆ. ಶನಿವಾರ ಮಧ್ಯಾಹ್ನ ಹೋದರೆ ಪಾರ್ಕಿಂಗಿಗೇ ಜೀವ ಹೋಗುತ್ತದೆ, ಬೆಳಿಗ್ಗೆ ತೆಗೆಯುವ ಹೊತ್ತಿಗೆ ಹೋಗಿ. ನಮ್ಮ ಹತ್ತಿರದ ಹಾಫ್ ಮೂನ್ ಬೇಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ದೈತ್ಯ ಕುಂಬಳಕಾಯಿ ತೂಗುವ ಸ್ಪರ್ಧೆ. 2023ರಲ್ಲಿ ಗೆದ್ದದ್ದು 2,749 ಪೌಂಡ್, ಅಂದರೆ ಸುಮಾರು 1,247 ಕೆ.ಜಿ. ಅಷ್ಟು ದೊಡ್ಡದು ದುಂಡಗೆ ಇರುವುದಿಲ್ಲ, ತನ್ನ ಭಾರಕ್ಕೆ ತಾನೇ ಕುಸಿದು ಒಂದು ಮಗ್ಗುಲಿಗೆ ಒರಗಿರುತ್ತದೆ. ನನ್ನ ಮಗ ಅದನ್ನು ನೋಡಿ "ಅಪ್ಪಾ, ಇದು ಸುಸ್ತಾಗಿದೆ" ಅಂದ.

ಕೊರೆಯುವಾಗ ಚಾಕು ನಿಮ್ಮ ಕೈಯಲ್ಲೇ ಇರಲಿ. ಮುಖ ಹೇಗಿರಬೇಕು ಅಂತ ಸ್ಕೆಚ್ ಪೆನ್ನಿನಲ್ಲಿ ಅವನು ಬರೆಯಲಿ, ನೀವು ಕೊರೆಯಿರಿ. ಒಳಗಿನ ನಾರು, ಬೀಜ ಕೈಯಲ್ಲಿ ಬಾಚಿ ತೆಗೆಯುವ ಕೆಲಸ ಅವನಿಗೆ. ಕೆಲವು ಮಕ್ಕಳಿಗೆ ಆ ಲೋಳೆ ಅಂದರೆ ಪ್ರಾಣ, ಕೆಲವರು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಕೊರೆಯದೆ ಬರೀ ಬಣ್ಣ ಬಳಿಯಲು ಕೊಡಿ. ದೀಪಕ್ಕೆ ಬ್ಯಾಟರಿಯದೇ ಇಡಿ, ವೇಷದ ಬಟ್ಟೆ ಬೆಂಕಿಗೆ ತಾಗಿದರೆ ಕಷ್ಟ.

ಬೀಜ ತೊಳೆದು ಒಣಗಿಸಿ ಎಣ್ಣೆ, ಉಪ್ಪು, ಅಚ್ಚ ಖಾರದ ಪುಡಿ ಕಲಸಿ ಓವನ್‌ನಲ್ಲಿ 350 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು ಕಾಲು ಗಂಟೆ ಆದ ಮೇಲೆ ನೋಡಿ. ಹೊಂಬಣ್ಣ ಬಂದರೆ ಆಯಿತು. ಅದನ್ನು ದೊಡ್ಡವರು ತಿನ್ನಿ, ಮೂರೂವರೆ ವರ್ಷದವನಿಗೆ ಬೇಡ.

ಹೊಸಮನೆ_ಅಮ್ಮ (ನ್ಯೂಜೆರ್ಸಿ)

ಕೊರೆದ ಕುಂಬಳಕಾಯಿಯ ತಿರುಳಿನಲ್ಲಿ ಹುಳಿ ಮಾಡಬಹುದಾ? ಅತ್ತೆಗೆ ಅದನ್ನು ಎಸೆಯುವುದು ನೋಡಲಾಗುತ್ತಿಲ್ಲ. ಮತ್ತೆ ಲಾರಿ ಹೇಗೆ ಮಾಡುವುದು? ಅಂಗಡಿಯಲ್ಲಿ ಫೈರ್ ಇಂಜಿನ್ ಸಿಗುತ್ತದೆ, ಕಸದ ಲಾರಿ ಇಲ್ಲ.

ಕುಡ್ಲದ_ಹುಲಿ (ಬೋಸ್ಟನ್)

ಲಾರಿ ಸುಲಭ. ಡೈಪರ್ ಬರುವ ದೊಡ್ಡ ರಟ್ಟಿನ ಡಬ್ಬ ತಗೊಳ್ಳಿ. ತಳ ಕತ್ತರಿಸಿ ತೆಗೆಯಿರಿ, ಮೇಲೆ ಅವನ ತಲೆ, ಹೆಗಲು ಹೊರಬರುವಷ್ಟು ತೂತು. ಹಳೆ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಬರುವ ಹಾಗೆ ಕಟ್ಟಿ, ಎರಡು ಕೈಯೂ ಖಾಲಿ ಇರಬೇಕು. ಹಸಿರು ಬಣ್ಣ ಬಳಿದು, ಪೇಪರ್ ತಟ್ಟೆಗೆ ಕಪ್ಪು ಬಳಿದು ಚಕ್ರ ಅಂಟಿಸಿ. ಹಿಂದುಗಡೆ ಒಂದು ಚಿಕ್ಕ ಬಾಗಿಲು ಕೊರೆದು ಒಳಗೆ ಚೀಲ ಹೊಲಿಯಿರಿ, ಕ್ಯಾಂಡಿ ಅದರೊಳಗೆ ಹಾಕಬೇಕು. ಕಸದ ಲಾರಿಗೆ ಬೇರೆ ಬುಟ್ಟಿ ಯಾಕೆ? ಡಬ್ಬದ ಕೆಳ ಅಂಚು ಮೊಣಕಾಲಿಗಿಂತ ಮೇಲಿರಲಿ, ಇಲ್ಲದಿದ್ದರೆ ಮೆಟ್ಟಿಲು ಹತ್ತಲಾಗುವುದಿಲ್ಲ. ಒಳಗೆ ಸ್ವೆಟರ್ ಹಾಕುವಷ್ಟು ಜಾಗ ಬಿಡಿ.

ಕಾರಿನಲ್ಲಿ ಹೋಗುವುದಾದರೆ ಡಬ್ಬ ಡಿಕ್ಕಿಯಲ್ಲಿ. ದಪ್ಪ ವೇಷ ಹಾಕಿಸಿ ಕಾರ್ ಸೀಟಿಗೆ ಕೂರಿಸಿದರೆ ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ.

ಡ್ಯಾಲಸ್_ಅಜ್ಜಿ

ಕೊರೆಯುವ ದೊಡ್ಡ ಕಾಯಿ ಅಡಿಗೆಗೆ ಚೆನ್ನಾಗಿರುವುದಿಲ್ಲಮ್ಮಾ, ನೀರು ನೀರು, ಬರೀ ನಾರು. ಅದೇ ಅಂಗಡಿಯಲ್ಲಿ ಚಿಕ್ಕದು ಸಿಗುತ್ತದೆ, ಶುಗರ್ ಪಂಪ್ಕಿನ್ ಅಂತ. ಅದು ನಮ್ಮ ಸಿಹಿಗುಂಬಳದ ಹತ್ತಿರ ಬರುತ್ತದೆ. ಹುಳಿಗೂ ಆಗುತ್ತದೆ, ಬೆಲ್ಲ ಹಾಕಿ ಗಾರಿಗೆಗೂ ಆಗುತ್ತದೆ. ದೀಪ ಇಟ್ಟು ಎರಡು ಮೂರು ದಿನ ಬಾಗಿಲಲ್ಲಿ ಕೂತಿದ್ದನ್ನು ಮಾತ್ರ ಒಲೆ ಹತ್ತಿರ ತರಬೇಡಿ. ಅಷ್ಟರೊಳಗೆ ಅಳಿಲು ಅರ್ಧ ಮೂಗು ತಿಂದಿರುತ್ತದೆ. ಬಣ್ಣ ಹಚ್ಚದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ.

ಸರಳಜೀವಿ

ರಟ್ಟಿನ ಲಾರಿ ಚೆನ್ನಾಗಿದೆ. ಇದಕ್ಕೆ ನನ್ನ ತಕರಾರಿಲ್ಲ.

ಲೇಬಲ್_ಓದುವವಳು (ಸಿಯಾಟಲ್)

ಉಳಿದ ಕ್ಯಾಂಡಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಆ ರಾತ್ರಿ ಎರಡು ಮೂರು ಆರಿಸಿಕೊಳ್ಳಲು ಬಿಡುತ್ತಿದ್ದೆವು, ಉಳಿದದ್ದು ಮೇಲಿನ ಕಪಾಟಿಗೆ, ದಿನಕ್ಕೊಂದು. ಒಂದೊಂದು ಕಡೆ ಹಲ್ಲಿನ ಡಾಕ್ಟರ ಕ್ಲಿನಿಕ್‌ಗಳೇ ಉಳಿದ ಕ್ಯಾಂಡಿ ತೆಗೆದುಕೊಂಡು ಸೈನಿಕರಿಗೆ ಕಳಿಸುತ್ತವೆ, ವಿಚಾರಿಸಿ ನೋಡಿ. ಮನೆಯಲ್ಲಿ ನಾಯಿ ಇದ್ದರೆ ಚಾಕಲೇಟ್ ಅದಕ್ಕೆ ಸಿಗದ ಹಾಗೆ ಇಡಿ, ಅದಕ್ಕೆ ಅದು ವಿಷ.

ಇನ್ನೊಂದು ಉಪಾಯ. ನವೆಂಬರ್ 1ರ ಬೆಳಿಗ್ಗೆ ಅಂಗಡಿಗಳಲ್ಲಿ ವೇಷದ ಸಾಮಾನೆಲ್ಲ ಅರ್ಧ ಬೆಲೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಕ್ಕಳ ಫ್ಯಾನ್ಸಿ ಡ್ರೆಸ್ ಇದ್ದರೆ ಅಂದೇ ಹೋಗಿ. ಕಿತ್ತೂರು ಚೆನ್ನಮ್ಮನಿಗೆ ಬೇಕಾದ ಕತ್ತಿ, ಗುರಾಣಿ ಅಲ್ಲೇ ಸಿಗುತ್ತವೆ. ಓಬವ್ವನ ಒನಕೆಗೆ ಮಾತ್ರ ಗಿಫ್ಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಗೆ ಕಂದು ಬಣ್ಣ ಹಚ್ಚಬೇಕು. ಹತ್ತು ಗಂಟೆಯೊಳಗೆ ಹೋಗಿ, ಕತ್ತಿ ಬೇಗ ಖಾಲಿಯಾಗುತ್ತವೆ.